ಆಗುಂಬೆಗೆ ಹೊರಟವರಿಗೆ: ಒಂದೇ ಮಳೆ, ಎರಡು ಸಮುದ್ರ

ಆಗುಂಬೆಗೆ ಹೊರಡುವಾಗ ಎಲ್ಲರೂ ಮೊದಲು ಕೊಡೆ ಹುಡುಕುತ್ತಾರೆ. ಅದಕ್ಕೂ ಮುಂಚೆ ಫೋನಿನಲ್ಲಿ ಸಮುದ್ರಮಟ್ಟದಿಂದ ಎತ್ತರ ತೋರಿಸುವ ಆ್ಯಪ್ ಒಂದನ್ನು ಹಾಕಿಕೊಳ್ಳಿ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಡ, ಹಾಗಾಗಿ ಸಿಗ್ನಲ್ ಸಿಗದ ಕಡೆಯೂ ಅದು ಕೆಲಸ ಮಾಡುತ್ತದೆ. ಹತ್ತಿಪ್ಪತ್ತು ಮೀಟರ್ ಹೆಚ್ಚುಕಮ್ಮಿ ತೋರಿಸಬಹುದು, ನಮ್ಮ ಕೆಲಸಕ್ಕೆ ಅಷ್ಟು ಸಾಕು.

ಜುಲೈ ಕೊನೆಯ ವಾರ, ಪುಷ್ಯ ಮಳೆ ಹಿಡಿದಿದ್ದಾಗ, ಅಕ್ಕನ ಮಗಳನ್ನು ಕರೆದುಕೊಂಡು ಹೋಗಿದ್ದೆ. ಎಂಟನೇ ಕ್ಲಾಸು. ಘಟ್ಟ, ಮಾರುತ, ಶಿಲೆ ಎಲ್ಲವನ್ನೂ ಪರೀಕ್ಷೆಗೆ ಬಾಯಿಪಾಠ ಮಾಡಿದ್ದಳು, ಕಣ್ಣಿಂದ ನೋಡಿರಲಿಲ್ಲ. ಶಿವಮೊಗ್ಗದಲ್ಲಿ ಬಸ್ ಹತ್ತುವಾಗ ಎತ್ತರ 570 ಮೀಟರ್ ಆಸುಪಾಸು. ಗಾಜನೂರು, ಸಕ್ರೆಬೈಲು, ಮಂಡಗದ್ದೆ ದಾಟಿ ತೀರ್ಥಹಳ್ಳಿಗೆ ಬಂದಾಗ 590. ಅಲ್ಲಿಂದ ಮುಂದೆ ಕಾಡು ದಟ್ಟವಾಯಿತು, ತಿರುವು ಹೆಚ್ಚಾಯಿತು, ಕಿಟಕಿ ಗಾಜಿನ ಮೇಲೆ ನೀರು ಬಿಂದಿಗೆಯಿಂದ ಸುರಿದ ಹಾಗೆ ಇಳಿಯುತ್ತಿತ್ತು. ಆಗುಂಬೆಯಲ್ಲಿ ಇಳಿದು ನೋಡಿದರೆ 650 ಚಿಲ್ಲರೆ.

"ಮಾವ, ತೊಂಬತ್ತು ಕಿಲೋಮೀಟರ್ ಬಂದ್ವಿ, ನೂರು ಮೀಟರೂ ಸರಿಯಾಗಿ ಹತ್ತಲಿಲ್ವಲ್ಲ?"

ನಾನು ಅವಳಿಗೆ ತೋರಿಸಬೇಕೆಂದಿದ್ದುದು ಇದನ್ನೇ. ಶಿವಮೊಗ್ಗ ಕಡೆಯಿಂದ ಬಂದವರಿಗೆ ಆಗುಂಬೆ ಬೆಟ್ಟವೇ ಅಲ್ಲ, ಪ್ರಸ್ಥಭೂಮಿಯ ಅಂಚು. ಊರು ದಾಟಿದ ಕೂಡಲೇ ರಸ್ತೆ ಹೇರ್‌ಪಿನ್ ತಿರುವುಗಳಲ್ಲಿ ಧಡಕ್ಕನೆ ಕೆಳಗಿಳಿಯುತ್ತದೆ. ಹತ್ತು ಕಿಲೋಮೀಟರ್ ಆಗುವುದರೊಳಗೆ, ಸೋಮೇಶ್ವರ ತಲುಪುವಾಗ, ಐನೂರು ಮೀಟರಿಗಿಂತ ಹೆಚ್ಚು ಇಳಿದಿರುತ್ತೀರಿ. ಹಿಮಾಲಯದ ಹಾಗೆ ನೆಲ ಮಡಿಸಿಕೊಂಡು ಎದ್ದದ್ದಲ್ಲ ಇದು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮಗೆ ಅಂಟಿಕೊಂಡೇ ಇತ್ತು. ನೆಲ ಸೀಳಿ ಅದು ದೂರ ಸರಿಯಿತು, ನಡುವೆ ಸಮುದ್ರ ಬಂತು. ಸೀಳಿದ ಅಂಚು ಮಳೆಗೆ, ಹೊಳೆಗೆ ಸವೆಯುತ್ತಾ ಹಿಂದೆ ಸರಿದು ಇವತ್ತಿನ ಘಟ್ಟವಾಗಿದೆ. ಆ ಸೀಳಿನ ಕಾಲದ ಲಾವಾ ತಣ್ಣಗಾಗಿ ಕಂಬಕಂಬವಾಗಿ ನಿಂತದ್ದನ್ನು ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಮುಟ್ಟಿ ನೋಡಬಹುದು. ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಬಿಡುವುದಿಲ್ಲ. ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡುವ ಆಸೆಯಿದ್ದರೆ ಅಕ್ಟೋಬರ್‌ನಲ್ಲಿ ಬನ್ನಿ. ಆಗ ಹೊಳೆಗಳಲ್ಲಿ ನೀರೂ ಇರುತ್ತದೆ, ಸೂರ್ಯಾಸ್ತದ ಜಾಗದಿಂದ ಅರಬ್ಬೀ ಸಮುದ್ರ ಕಾಣುವ ಸಾಧ್ಯತೆಯೂ ಇರುತ್ತದೆ. ಜುಲೈನಲ್ಲಿ ಆ ಜಾಗದಲ್ಲಿ ಬರೀ ಬಿಳಿ ಮಂಜು.

ಆದರೂ ಮಳೆ ಹೇಗೆ ಹುಟ್ಟುತ್ತದೆಂದು ನೋಡಬೇಕಾದರೆ ಜುಲೈಯೇ ಸರಿ. ಅಂಚಿನ ಕಟ್ಟೆಯ ಬಳಿ ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಮಂಜು ಮೇಲಿಂದ ಇಳಿಯುವುದಿಲ್ಲ, ಕಣಿವೆಯಿಂದ ಮೇಲಕ್ಕೆ ಹತ್ತಿ ಬರುತ್ತದೆ. ಸಮುದ್ರದ ಒದ್ದೆ ಗಾಳಿ ಗೋಡೆಯಂಥ ಘಟ್ಟಕ್ಕೆ ತಾಗಿ ಬೇರೆ ದಾರಿಯಿಲ್ಲದೆ ಏರುತ್ತದೆ. ಏರಿದಂತೆ ಒತ್ತಡ ಇಳಿಯುತ್ತದೆ, ಗಾಳಿ ಹಿಗ್ಗಿ ತಣ್ಣಗಾಗುತ್ತದೆ, ಹೊತ್ತು ತಂದ ಆವಿ ಹನಿಗಟ್ಟುತ್ತದೆ. ಹನಿಗಟ್ಟುವಾಗ ಆವಿ ತನ್ನೊಳಗಿನ ಶಾಖ ಬಿಟ್ಟುಕೊಡುತ್ತದೆ. ಆ ಶಾಖಕ್ಕೆ ಗಾಳಿ ಹಗುರಾಗಿ ಇನ್ನೂ ಮೇಲೇರುತ್ತದೆ, ಇನ್ನೂ ಮಳೆ. ಆಗುಂಬೆಯ ವಾರ್ಷಿಕ ಸರಾಸರಿ ಸುಮಾರು 7,600 ಮಿ.ಮೀ. ಆದರೆ, ಭಾರವನ್ನೆಲ್ಲ ಇಲ್ಲಿ ಇಳಿಸಿದ ಗಾಳಿಯಿಂದ ಶಿವಮೊಗ್ಗ ಪೇಟೆಗೆ ಸಿಗುವುದು ಸಾವಿರದ ಆಸುಪಾಸು. ಅರ್ಧ ದಿನದ ಬಸ್ಸಿನಲ್ಲಿ ಇಷ್ಟು ವ್ಯತ್ಯಾಸ ಕಾಣುವ ದಾರಿ ಬೇರೆ ಕಡೆ ಸುಲಭಕ್ಕೆ ಸಿಗದು.

ನಾವು ಉಳಿದದ್ದು ತೋಟದ ಮನೆಯೊಂದರಲ್ಲಿ. ಅಂಗಳದಲ್ಲಿ ಮಳೆಮಾಪಕ ಇತ್ತು. ಬೆಳಿಗ್ಗೆ ಎಂಟೂವರೆಗೆ ಯಜಮಾನರು ಕಂಬಳಿ ಕೊಪ್ಪೆ ಹಾಕಿಕೊಂಡು ಹೊರಟರು, ಹುಡುಗಿಯೂ ಹಿಂದೆಯೇ ಓಡಿದಳು. ಡಬ್ಬಿಯ ನೀರನ್ನು ಗಾಜಿನ ಅಳತೆ ಜಾಡಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ತುಂಬಿದ ಜಾಡಿಯನ್ನು ಚೆಲ್ಲಿ ಮತ್ತೆ ಮತ್ತೆ ತುಂಬಿ ಲೆಕ್ಕ ಹಾಕಿದರು: 164 ಮಿ.ಮೀ. "ಇದೇನು ಮಳೆ ಮಾರಾಯ್ರೇ, ಆರಿದ್ರೆ ಕೈಕೊಟ್ಟಿದ್ದಕ್ಕೆ ಈಗ ಸ್ವಲ್ಪ ತೀರಿಸ್ತಾ ಇದೆ" ಎಂದರು. ಅವರ ಪುಸ್ತಕದಲ್ಲಿ ತಾರೀಖಿನ ಪಕ್ಕದಲ್ಲೇ ಮಳೆ ನಕ್ಷತ್ರದ ಹೆಸರೂ ಇತ್ತು. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರಾ" ಅನ್ನುವ ಗಾದೆ ಅಲ್ಲಿ ಅಂಕಿಯಾಗಿ ಕೂತಿತ್ತು.

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್ ನೀರು. 164 ಅಂದರೆ ಎಕರೆಗೆ ಆರೂವರೆ ಲಕ್ಷ ಲೀಟರಿಗೂ ಮಿಕ್ಕಿ. ಪೇಟೆಯ 6,000 ಲೀಟರ್ ಟ್ಯಾಂಕರ್ ಲೆಕ್ಕದಲ್ಲಿ ನೂರಹತ್ತು ಟ್ಯಾಂಕರ್, ಒಂದೇ ದಿನಕ್ಕೆ, ಒಂದೇ ಎಕರೆಗೆ. ಹುಡುಗಿ ಈ ಲೆಕ್ಕವನ್ನು ಎರಡು ಸಲ ಮಾಡಿ ನೋಡಿದಳು.

ಇಷ್ಟು ನೀರು ಎಲ್ಲಿ ಹೋಗುತ್ತದೆ? ಮನೆಯ ಹಿಂದೆ ಹೊಸದಾಗಿ ಕಡಿದ ಧರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ನೆಟ್ಟಗಿನ ಮಣ್ಣಿನ ಗೋಡೆ, ಇತ್ತು. ಜಂಬಿಟ್ಟಿಗೆ. ಉಗುರಲ್ಲಿ ಕೆರೆದರೆ ಪುಡಿ ಉದುರುವಷ್ಟು ಮೆತ್ತಗೆ. ಅದೇ ಕಲ್ಲಲ್ಲಿ ಕಟ್ಟಿದ ಹಳೆಯ ಪಾಗಾರ ಮಾತ್ರ ಕಬ್ಬಿಣದಂತಿತ್ತು, ಗಾಳಿಗೆ ಒಡ್ಡಿದ ಮೇಲೆ ಒಣಗಿ ಗಟ್ಟಿಯಾಗುವುದು ಇದರ ಗುಣ. ಬಿಸಿಲು, ಮಳೆ ಲಕ್ಷಾಂತರ ವರ್ಷ ಬಂಡೆಯನ್ನು ತೊಳೆತೊಳೆದು ಕರಗುವುದನ್ನೆಲ್ಲ ಕೊಚ್ಚಿಕೊಂಡು ಹೋದ ಮೇಲೆ ಉಳಿದ ಕಬ್ಬಿಣ, ಅಲ್ಯೂಮಿನಿಯಂ ಅಂಶವೇ ಈ ಕೆಂಪು ಕಲ್ಲು. 1801ರ ಸುಮಾರಿಗೆ ಇದೇ ಸೀಮೆಯಲ್ಲಿ ತಿರುಗಾಡಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಅದರ ಮೂಲ ಪದಕ್ಕೆ ಇಟ್ಟಿಗೆ ಎಂದೇ ಅರ್ಥ, ನಮ್ಮವರ ಜಂಬಿಟ್ಟಿಗೆಯಲ್ಲೂ ಇಟ್ಟಿಗೆ ಇದೆ.

ಕಲ್ಲಿನ ತುಂಬ ತೂತು. ನೀರು ಅದರೊಳಗೆ ಇಳಿದು, ಕೆಳಗಿನ ಜೇಡಿಯ ಮೇಲೆ ನಿಂತು, ಅಕ್ಕಪಕ್ಕ ಒರತೆಯಾಗಿ ಹೊರಬರುತ್ತದೆ. ಬೇಸಿಗೆಯಲ್ಲೂ ಹಳ್ಳ ಜಿನುಗುವುದು ಇದರಿಂದಲೇ. ಮಣ್ಣಿನ ಸಾರವನ್ನೂ ಮಳೆ ಹೀಗೇ ಎಳೆದೊಯ್ಯುತ್ತದೆ. ಹಸಿರು ನೋಡಿ ಮಣ್ಣು ಬಹಳ ಫಲವತ್ತು ಎಂದುಕೊಳ್ಳಬೇಡಿ. ಕಾಡಿನ ಸಂಪತ್ತಿರುವುದು ಉದುರಿದ ಎಲೆಯ ದರಕಿನಲ್ಲಿ, ಮೇಲಿನ ಗೇಣುದ್ದ ಮಣ್ಣಿನಲ್ಲಿ. ವರ್ಷ ವರ್ಷ ಅಡಿಕೆ ಬುಡಕ್ಕೆ ಸೊಪ್ಪು ಹಾಕುವ ಮಲೆನಾಡಿನ ರೂಢಿ ಕಳೆದದ್ದನ್ನು ತುಂಬುವ ಕೆಲಸ. ಈ ಮೇಲ್ಪದರ ಬೋಳಾದ ಗುಡ್ಡಗಳನ್ನು ದಾರಿಯಲ್ಲಿ ಕಂಡಾಗ ನನಗೆ ನಿಜಕ್ಕೂ ಸಂಕಟವಾಯಿತು. ಅದು ಮತ್ತೆ ಆಗಲು ಒಂದೆರಡು ತಲೆಮಾರು ಸಾಲದು.

ಎರಡನೇ ದಿನ ಘಟ್ಟ ಇಳಿಯುವಾಗ ನಾಲ್ಕನೇ ತಿರುವಿನ ಬಳಿ ಧರೆ ಕುಸಿದು ಎರಡು ಗಂಟೆ ಸಿಕ್ಕಿಕೊಂಡೆವು. ನೀರು ಕುಡಿದ ಮಣ್ಣು ಭಾರವಾಗುತ್ತದೆ, ಕಣಗಳ ನಡುವಿನ ನೀರು ಅವುಗಳ ಹಿಡಿತ ಬಿಡಿಸುತ್ತದೆ, ಬುಡವನ್ನು ನಾವು ರಸ್ತೆಗೆಂದು ಕಡಿದಿರುತ್ತೇವೆ. ನೀವು ಹೋಗುವ ಹಿಂದಿನ ದಿನ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ. ಮಳೆಗಾಲದಲ್ಲಿ ಭಾರಿ ವಾಹನ ತಡೆಯುವುದು ವಾಡಿಕೆ. ಧರೆಯಿಂದ ತಿಳಿನೀರಿನ ಬದಲು ಒಮ್ಮೆಲೇ ಕೆಂಪು ನೀರು ಬಂದರೆ, ಮರ ಹೊಸದಾಗಿ ವಾಲಿದ್ದರೆ, ರಸ್ತೆಯಲ್ಲಿ ಬಿರುಕು ಕಂಡರೆ ಅಲ್ಲಿ ಫೋಟೊಗೆ ನಿಲ್ಲಲೇಬೇಡಿ.

ಕುಂದಾದ್ರಿ ಬೆಟ್ಟಕ್ಕೆ ಹೋಗಿ, ಆದರೆ ಮೆಟ್ಟಿಲು ಪಾಚಿಗಟ್ಟಿರುತ್ತವೆ. ಬರ್ಕಣ ಜಲಪಾತದ ಕಡೆ ಕಾಡಿಗೆ ಇಳಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಮಳೆಗಾಲದಲ್ಲಿ ಅದನ್ನು ನಂಬಿಕೊಂಡು ಬರಬೇಡಿ. ಉಂಬಳಕ್ಕೆ (ಕಾಡಿನ ಜಿಗಣೆ) ಉಪ್ಪು ಇಟ್ಟುಕೊಳ್ಳಿ, ಕಿತ್ತೆಳೆಯಬೇಡಿ. ಬಟ್ಟೆ ಒಣಗುವುದಿಲ್ಲ, ಮೂರು ಜೊತೆ ಹೆಚ್ಚಿಗೆ ಇರಲಿ.

ಬರ್ಕಣದ ಜಲಪಾತದಲ್ಲಿ ಧುಮುಕುವುದು ಸೀತಾ ನದಿ, ಅದು ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರ ಸೇರುತ್ತದೆ. ಊರಿನ ಪೂರ್ವಕ್ಕೆ ಬಿದ್ದ ಹನಿ ತುಂಗೆಗೆ ಸೇರಿ, ತುಂಗಭದ್ರೆಯಾಗಿ, ಕೃಷ್ಣೆಯಾಗಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಕೆಲವೇ ಕಿಲೋಮೀಟರಿನ ಅಂತರ, ಮುಟ್ಟುವ ಕಡಲು ಬೇರೆ ಬೇರೆ. ಅದೇ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಪಶ್ಚಿಮದ ಪಾಲು. ಅದು ಇದೇ ಅಂಚನ್ನು ಜೋಗದಲ್ಲಿ 253 ಮೀಟರ್ ಧುಮುಕಿ ಇಳಿಯುತ್ತದೆ.

ಪೂರ್ವಕ್ಕೆ ಹೊರಟ ಹನಿಯ ದಾರಿ ನೋಡಲು, ವಾಪಸಾಗುವಾಗ ಶಿವಮೊಗ್ಗದಲ್ಲೇ ನಿಲ್ಲದೆ ಕೂಡ್ಲಿಗೆ ಹೋಗಿ, ಹದಿನೈದು ಕಿಲೋಮೀಟರ್ ಅಷ್ಟೇ. ತುಂಗೆ, ಭದ್ರೆ ಸೇರುವ ಜಾಗ. ಹೊಳೆ ತುಂಬಿದ್ದಾಗ ನೀರಿಗೆ ಇಳಿಯಬೇಡಿ, ಸೋಪಾನದಿಂದಲೇ ಒಂದು ಬಾಟಲಿ ತುಂಬಿಕೊಂಡರೆ ಸಾಕು. ನಮ್ಮ ಹುಡುಗಿ ಅದನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟಳು. ಬೆಳಿಗ್ಗೆ ನೋಡಿದರೆ ನೀರು ತಿಳಿಯಾಗಿ, ತಳದಲ್ಲಿ ಕೆಂಪು ಗಸಿ ಕೂತಿತ್ತು. ಬೆರಳ ತುದಿಗೆ ಒಂದಿಷ್ಟು ತೆಗೆದುಕೊಂಡು ಉಜ್ಜಿ ನೋಡಿ, "ಧರೆ ಕೆರೆದಾಗ ಉದುರಿದ್ದೂ ಇದೇ ಅಲ್ವಾ ಮಾವ?" ಎಂದಳು.