ನೀವು ಪ್ರೆಸ್ಸಾ, ಸರ್?

ಈ ಪ್ರಶ್ನೆ ನನಗೆ ಎರಡು ದಿಕ್ಕಿನಿಂದ ಬರುತ್ತದೆ. ಮಾಹಿತಿ ಹಕ್ಕಿನ ಅರ್ಜಿ ಹಿಡಿದು ಟಪಾಲು ಕೌಂಟರಿನ ಮುಂದೆ ನಿಂತರೆ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ನೀವು ಪ್ರೆಸ್ಸಾ, ಸರ್?" ಅನ್ನುತ್ತಾರೆ. ಮನೆಗೆ ಬಂದರೆ ಭಾವಮೈದುನನದೂ ಅದೇ ರಾಗ: "ಪೇಪರಿನವರು ಮಾಡೋ ಕೆಲಸ ನಿಮಗ್ಯಾಕೆ ಭಾವ?"

ನಾನು ಪ್ರೆಸ್ ಅಲ್ಲ. ಸ್ಕೂಟರಿನ ಮೇಲೆ ಆ ಕೆಂಪು ಸ್ಟಿಕ್ಕರೂ ಇಲ್ಲ. (ಬೆಂಗಳೂರಿನಲ್ಲಿ ಸ್ಟಿಕ್ಕರ್ ಅಂಟಿಸಿಕೊಂಡ ಗಾಡಿಗಳಷ್ಟು ಪತ್ರಿಕೆಗಳಿದ್ದಿದ್ದರೆ ನಾಡು ಎಂದೋ ಉದ್ಧಾರವಾಗುತ್ತಿತ್ತು.) ಪ್ರೆಸ್‌ಗೆಂದೇ ಮೀಸಲಾದ ಹಕ್ಕು ನಮ್ಮ ಸಂವಿಧಾನದಲ್ಲೂ ಇಲ್ಲ. 19(1)(ಎ) ವಿಧಿ ಹೇಳುವುದು ಎಲ್ಲ ನಾಗರಿಕರ ಮಾತಿನ, ಅಭಿವ್ಯಕ್ತಿಯ ಸ್ವಾತಂತ್ರ್ಯವನ್ನು. ಸಂಪಾದಕನೂ ನಾಗರಿಕನೇ, ಅವನಿಗೆ ಬೇರೆ ಸಾಲು ಬೇಡ ಎಂಬುದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ತಳೆದ ನಿಲುವು. ಸ್ವೀಡನ್ 1766ರಲ್ಲೇ ಅಚ್ಚು ಹಾಕುವ ಸ್ವಾತಂತ್ರ್ಯವನ್ನೂ ಸರ್ಕಾರಿ ಕಡತ ನೋಡುವ ಹಕ್ಕನ್ನೂ ಒಂದೇ ಕಾನೂನಿನಲ್ಲಿ ಹೊಲಿದಿತ್ತು. ನಮ್ಮಲ್ಲಿ ಮೊದಲನೆಯದನ್ನು 1950ರ ರೊಮೇಶ್ ಥಾಪರ್ ಪ್ರಕರಣದಿಂದ ಸುಪ್ರೀಂ ಕೋರ್ಟು 19ನೇ ವಿಧಿಯೊಳಗೇ ಕಂಡುಕೊಂಡಿತು. ಎರಡನೆಯದೂ ಅಲ್ಲೇ ಇದೆ ಎಂದು 1975ರ ರಾಜ್ ನಾರಾಯಣ್ ಪ್ರಕರಣದಲ್ಲಿ ಹೇಳಿತು. ಆದರೆ ದೇಶಕ್ಕೆಲ್ಲ ಅನ್ವಯಿಸುವ ಶಾಸನ ಜಾರಿಗೆ ಬಂದದ್ದು 2005ರ ಅಕ್ಟೋಬರ್ 12ಕ್ಕೆ. ಕರ್ನಾಟಕ ಅದಕ್ಕೂ ಮೊದಲೇ, 2000ದಲ್ಲಿ, ತನ್ನದೊಂದು ಮಾಹಿತಿ ಹಕ್ಕು ಕಾಯ್ದೆ ಮಾಡಿಕೊಂಡಿತ್ತು ಅನ್ನುವುದು ಇಲ್ಲಿನ ಎಷ್ಟೋ ಜನರಿಗೆ ಮರೆತೇ ಹೋಗಿದೆ.

2005ರ ಆ ಕೇಂದ್ರ ಕಾಯ್ದೆಯಲ್ಲಿ ನನಗೆ ಬಲು ಇಷ್ಟದ್ದು ಕಲಂ 6(2). ಯಾಕೆ ಕೇಳುತ್ತೀರಿ ಎಂದು ಅರ್ಜಿದಾರನನ್ನು ಕೇಳುವಂತಿಲ್ಲ. ಇನ್ನೊಂದು 2(ಜೆ): ಕಡತ ಮಾತ್ರವಲ್ಲ, ನಡೆದ ಕಾಮಗಾರಿಯನ್ನೇ ಪರಿಶೀಲಿಸಬಹುದು, ಬಳಸಿದ ಸಾಮಗ್ರಿಯ ಮಾದರಿಯನ್ನೂ ಪಡೆಯಬಹುದು. ಕಾಂಕ್ರೀಟಿನ ಚೂರನ್ನು ದೃಢೀಕರಿಸಿ ಕೊಡಿ ಅನ್ನುವ ಹಕ್ಕು!

ನಮ್ಮ ಬೀದಿಯ ಚರಂಡಿಯ ಕಥೆ ಇದು. ಹೂಳೆತ್ತಿ ಬಿಲ್ಲೂ ಆಗಿದೆ ಅಂದರು. ಮೊದಲ ಮಳೆಗೇ ನೀರು ಮೆಟ್ಟಿಲು ಹತ್ತಿತು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿ, ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ ಬರೆದು ಕೊಟ್ಟೆ. ಮೂವತ್ತು ದಿನ ಕಳೆಯಿತು, ಸದ್ದಿಲ್ಲ. ಮೊದಲ ಮೇಲ್ಮನವಿ ಹಾಕಿದ ಮೇಲೆ, ಕಾಮಗಾರಿಯ ಅಳತೆ ಬರೆದಿಡುವ ಎಂ.ಬಿ. ಪುಸ್ತಕ ತೋರಿಸಿದರು. ಬೀದಿಯ ಉದ್ದಕ್ಕೂ ಹೂಳೆತ್ತಿದ ಅಳತೆ ನೀಟಾಗಿತ್ತು. ಅದರಲ್ಲಿ ಅರ್ಧ ಭಾಗದ ಚಪ್ಪಡಿಯನ್ನು ಯಾರೂ ಎತ್ತಿದ್ದೇ ಇಲ್ಲ. ಒಂದರ ಮೇಲೆ ಎಳನೀರು ಗಾಡಿ ನಿಂತು ವರ್ಷಗಳಾಗಿವೆ. ಪುಟದ ಪ್ರತಿಗೆ ಎರಡು ರೂಪಾಯಿ ಕಟ್ಟಿ ತಂದು, ಪರಿಚಯದ ವರದಿಗಾರರೊಬ್ಬರಿಗೆ ಕೊಟ್ಟೆ. ಅವರೇ ಅರ್ಜಿ ಹಾಕಿದ್ದರೂ ಅದೇ ಹತ್ತು ರೂಪಾಯಿ, ಅದೇ ಮೂವತ್ತು ದಿನ.

ಹಾಗಂತ ಭಾವಮೈದುನನ ಮಾತು ಪೂರ್ತಿ ಸುಳ್ಳಲ್ಲ. ಕಾಗದ ತರುವುದು ನನ್ನಂಥವನಿಂದ ಆಗುತ್ತದೆ, ಅಚ್ಚು ಹಾಕಿ ಏಟು ತಿನ್ನುವವರು ಅವರು. ಸದನದ ಕಲಾಪವನ್ನು ಇದ್ದದ್ದು ಇದ್ದಂತೆ ವರದಿ ಮಾಡಿದರೆ ಮೊಕದ್ದಮೆ ಹೂಡುವಂತಿಲ್ಲ ಎಂಬ ರಕ್ಷಣೆ ಇದೆ. ಸಂಸದ ಫಿರೋಜ್ ಗಾಂಧಿ 1956ರಲ್ಲಿ ಸಂಸತ್ತಿನ ವರದಿಗೆಂದು ತಂದದ್ದು ತುರ್ತು ಪರಿಸ್ಥಿತಿಯಲ್ಲಿ ಹೋಗಿ, ಮತ್ತೆ ಬಂದು, ಈಗ ಶಾಸನಸಭೆಗಳನ್ನೂ ಸೇರಿಸಿ ಸಂವಿಧಾನದ 361ಎ ವಿಧಿಯಾಗಿದೆ. ಆದರೆ ಶಾಸಕರ ಹಕ್ಕುಬಾಧ್ಯತೆಗಳೇನೇನು ಎಂಬ ಪೂರ್ತಿ ಪಟ್ಟಿಯನ್ನು ಇವತ್ತಿಗೂ ಯಾರೂ ಶಾಸನವಾಗಿ ಬರೆದಿಲ್ಲ. 2017ರಲ್ಲಿ ನಮ್ಮ ವಿಧಾನಸಭೆ ಹಕ್ಕುಚ್ಯುತಿಯ ಹೆಸರಿನಲ್ಲಿ ಇಬ್ಬರು ಪತ್ರಕರ್ತರಿಗೆ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ವಿಧಿಸಿತು. ದೂರು ಕೊಟ್ಟವರ ಮನೆಯವರೇ ತೀರ್ಪು ಕೊಟ್ಟ ಹಾಗೆ ನನಗೆ ಕಂಡಿತ್ತು.

ಈಗ ಹೊಸ ತಲೆನೋವು. ವೈಯಕ್ತಿಕ ಮಾಹಿತಿಯನ್ನು ಕೊಡದಿರಲು ಅವಕಾಶ ಕೊಡುವ, ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ)ಗೆ ಒಂದು ಬಾಲವಿತ್ತು: ಸಂಸತ್ತಿಗೋ ರಾಜ್ಯ ಶಾಸನಸಭೆಗೋ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ. ವಿಧಾನಸೌಧದೊಳಗೆ ಕೂತ ಶಾಸಕರನ್ನೂ ಹೊರಗೆ ಕಬ್ಬನ್ ಪಾರ್ಕಿನ ಬೆಂಚಿನ ಮೇಲೆ ಕಡಲೆಕಾಯಿ ಬಿಡಿಸುವವನನ್ನೂ ಒಂದೇ ಚಾಪೆಯ ಮೇಲೆ ಕೂರಿಸಿದ ಮಾತು ಅದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ಬಾಲವನ್ನು ಕತ್ತರಿಸಿತು. ಉಳಿದದ್ದು "ವೈಯಕ್ತಿಕ ಮಾಹಿತಿ" ಅನ್ನುವಷ್ಟೇ ವಿನಾಯಿತಿ. ಕಳೆದ ತಿಂಗಳು, ಆ ಚರಂಡಿಯ ಅಳತೆಗೆ ಸಹಿ ಹಾಕಿದ ಎಂಜಿನಿಯರ್ ಯಾರು ಎಂದು ಕೇಳಿದ್ದೆ. ವೈಯಕ್ತಿಕ ಮಾಹಿತಿ, ಕೊಡಲಾಗದು ಎಂದು ಉತ್ತರ ಬಂದಿದೆ.

ಗೌಪ್ಯತೆಗಿಂತ ಸಾರ್ವಜನಿಕ ಹಿತ ದೊಡ್ಡದಿದ್ದರೆ ಮಾಹಿತಿ ಕೊಡಬಹುದು ಎನ್ನುವ 8(2) ಇನ್ನೂ ಇದೆ. ಅದನ್ನು ಹಿಡಿದು ಮೇಲ್ಮನವಿ ಬರೆದು ಮೊನ್ನೆ ಕೌಂಟರಿಗೆ ಹೋದೆ. ಗುಮಾಸ್ತರು ಈ ಸಲ ಏನೂ ಕೇಳಲಿಲ್ಲ. ಸೀಲು ಹೊಡೆದು, "ಚರಂಡಿ ಸರ್ ಬಂದ್ರು ನೋಡ್ರೀ" ಅಂತ ಒಳಗೆ ಕೂಗಿದರು.