ಚದರಡಿಗೆ 8 ರೂಪಾಯಿ ಜಾಸ್ತಿ

ಹೊಲಿಗೆ ಮಷಿನ್ ಮೇಲೆ ಮೂರು ಚೀಟಿ ಇದ್ದವು. ಒಂದು ಮರದ ಹಲಗೆಯವನದು, ಒಂದು ಕಬ್ಬಿಣದ ಶೀಟಿನವನದು, ಇನ್ನೊಂದು ಪ್ಲೈವುಡ್‌ನವನದು. ನಮ್ಮ ಹೊಸ ಮನೆಯ ಮೋಲ್ಡ್‌ಗೆ, ಅಂದರೆ ಕಾಂಕ್ರೀಟ್ ಸೂರಿಗೆ, ಸೆಂಟ್ರಿಂಗ್ ಮಾಡಲು ಮೂವರೂ ರೇಟು ಬರೆದುಕೊಟ್ಟಿದ್ದರು. ಸೆಂಟ್ರಿಂಗ್ ಅಂದರೆ ಕಾಂಕ್ರೀಟ್ ಗಟ್ಟಿಯಾಗುವ ತನಕ ಅದನ್ನು ಹೊರುವ ಅಚ್ಚು. ಹಲಗೆಯವನದು ಎಲ್ಲಕ್ಕಿಂತ ಕಡಿಮೆ. ಶೀಟಿನವನದು ಅದಕ್ಕಿಂತ ಚದರಡಿಗೆ 8 ರೂಪಾಯಿ ಜಾಸ್ತಿ. ಪ್ಲೈನವನ ಚೀಟಿಯನ್ನು ಅಮ್ಮ ಒಂದು ಸಲ ಓದಿ, ಮಡಚಿ, ಬಾಬಿನ್ ಡಬ್ಬಿಯ ಕೆಳಗೆ ಇಟ್ಟುಬಿಟ್ಟಳು.

ತುಮಕೂರಿನ ಶಿರಾ ಗೇಟ್ ಕಡೆ ನಮ್ಮದೊಂದು 30-40 ಸೈಟು. ಮೋಲ್ಡ್ 10 ಚದರ, ಅಂದರೆ 1,000 ಚದರಡಿ. 8 ರೂಪಾಯಿ ವ್ಯತ್ಯಾಸ ಅಂದರೆ 8,000. ಬ್ಲೌಸ್ ಹೊಲಿದು ಮನೆ ಕಟ್ಟುವವಳಿಗೆ ಅದೇನು ಸಣ್ಣ ದುಡ್ಡಲ್ಲ. ಹಲಗೆಯವನಿಗೇ ಹೂಂ ಅಂದುಬಿಡೋಣ ಅಂತಿದ್ದೆ.

ನನ್ನ ತಮ್ಮ ಡಿಪ್ಲೊಮಾ ಸಿವಿಲ್ ಓದಿ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟ್ ಕೆಲಸದಲ್ಲಿದ್ದಾನೆ. ಅಲ್ಲಿ ಎಲ್ಲವೂ ಅಲ್ಯುಮಿನಿಯಂ. ಮೈವಾನ್ ಅಂತಾರೆ. ಗೋಡೆ, ಸೂರು ಎರಡನ್ನೂ ಒಟ್ಟಿಗೇ ಕಾಂಕ್ರೀಟಿನಲ್ಲಿ ಎರಕ ಹೊಯ್ಯುತ್ತಾರೆ. ಅದೇ ಅಚ್ಚನ್ನು ಮೇಲಿನ ಮಹಡಿಗೆ ಎತ್ತಿಕೊಂಡು ಹೋಗುತ್ತಾರೆ. ನೂರು ಸಲಕ್ಕಿಂತ ಹೆಚ್ಚು ಬಳಸಬಹುದಂತೆ. ಹಾಗಾಗಿ ಮೊದಲಿಗೆ ಎಷ್ಟೇ ದುಬಾರಿಯಾದರೂ ಕೊನೆಗೆ ಅದೇ ಅಗ್ಗ.

"ನಮಗೂ ಅದೇ ಹಾಕಿಸಬಹುದೇನೋ?" ಅಂತ ಫೋನಿನಲ್ಲಿ ಕೇಳಿದೆ.

ಅವನು ನಕ್ಕ. "ಅಕ್ಕಾ, ಒಂದೇ ಒಂದು ಬ್ಲೌಸ್‌ಗೆ ಯಾರಾದ್ರೂ ಗಾರ್ಮೆಂಟ್ ಫ್ಯಾಕ್ಟರಿ ಇಡ್ತಾರಾ?"

ಅಷ್ಟು ಹೇಳಿದ್ದೇ ನನಗೆ ಪ್ಲೈವುಡ್‌ನವನ ರೇಟಿನ ಗುಟ್ಟೂ ಅರ್ಥವಾಯಿತು. ಪ್ಲೈ ಹಾಳೆ 8 ಅಡಿಗೆ 4 ಅಡಿ, 32 ಚದರಡಿ. ಬರೀ ಸೂರಿಗೇ 32 ಹಾಳೆ ಬೇಕು. ನಮ್ಮ ರೂಮೋ 11 ಅಡಿ 3 ಇಂಚು. 8 ಅಡಿಯ ಹಾಳೆ ಹೋಗಿ ಉಳಿಯುವ 3 ಅಡಿ 3 ಇಂಚಿಗೋಸ್ಕರ ಹೊಸ ಹಾಳೆ ಕತ್ತರಿಸಬೇಕು. ತೊಲೆಗಳ ಪಕ್ಕಕ್ಕೆ ಇನ್ನಷ್ಟು. ಕಟ್‌ಪೀಸ್ ಎಷ್ಟು ಉಳಿಯುತ್ತೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೇಲೆ ನುಣುಪು ಪದರ ಇರುವ ಒಳ್ಳೆಯ ಫಿಲ್ಮ್ ಫೇಸ್ ಪ್ಲೈ ಆದರೆ ಹತ್ತಾರು ಸಲ ತಿರುಗಿಸಬಹುದು, ಸೂರು ಕನ್ನಡಿ ಹಾಗೆ ಬರುತ್ತೆ. ಆದರೆ ಕತ್ತರಿಸಿದ ತುಂಡು ಮುಂದಿನ ಮನೆಗೆ ಹೊಂದುವುದಿಲ್ಲ. ಅದರ ಬೆಲೆಯನ್ನು ಅವನು ನನ್ನ ಲೆಕ್ಕಕ್ಕೇ ಹಾಕಿದ್ದ. ತಪ್ಪೇನಿಲ್ಲ, ನಾನೂ ಹಾಗೇ ಮಾಡುತ್ತೇನೆ.

ಉಳಿದದ್ದು ಹಲಗೆ, ಇಲ್ಲವೇ ಶೀಟು. "ಹಲಗೆಯವನು ಈಗಷ್ಟೇ ಬಿಚ್ಚಿರೋ ಮನೆ ಒಂದನ್ನ ನೋಡ್ಕೊಂಡು ಬಾ. ತಲೆ ಮೇಲೆತ್ತಿ ನೋಡು, ಸಾಕು" ಅಂದ ತಮ್ಮ.

ಹೋದೆ. ಹಲಗೆ ಹಲಗೆಯ ಸಂದಿನಿಂದ ಸಿಮೆಂಟ್ ಹಾಲು ಸೋರಿ ಸೂರಿನಲ್ಲಿ ಗೆರೆ ಎದ್ದಿದ್ದವು. ಸೋರಿದ ಕಡೆ ಜಲ್ಲಿ ಬರಿಮೈಯಲ್ಲಿ ಕಾಣುತ್ತಿತ್ತು. ಒಂದು ಕಡೆ ಕಂಬಿಯೂ ಇಣುಕುತ್ತಿತ್ತು. ಆ ಮನೆಯ ಯಜಮಾನರು ಸಮಾಧಾನವಾಗಿಯೇ ಹೇಳಿದರು, "ಪ್ಲಾಸ್ಟರ್ ಮಾಡಿದ್ರೆ ಎಲ್ಲ ಮುಚ್ಕೊಳ್ಳುತ್ತೆ ಬಿಡಮ್ಮ." ಸೂರಿನ ಪ್ಲಾಸ್ಟರ್‌ಗೆ ನಮ್ಮ ಮೇಸ್ತ್ರಿ ಹೇಳಿದ್ದ ರೇಟು ಸಾಮಾನು, ಕೂಲಿ ಸೇರಿ ಚದರಡಿಗೆ 30 ರೂಪಾಯಿ ಮೇಲೆ. ನಾನು ಉಳಿಸಲು ಹೊರಟಿದ್ದು 8.

ಶೀಟು ಅಂತ ತೀರ್ಮಾನ ಮಾಡಿದೆ. ಸೂರಿಗೆ ಪ್ಲಾಸ್ಟರ್ ಬೇಡ, ಪುಟ್ಟಿ ಸಾಕು ಅಂತಲೂ. ಕಬ್ಬಿಣದ ಶೀಟಿನ ಮೇಲೆ ಬಂದ ಸೂರು ನುಣ್ಣಗಿರುತ್ತೆ. ಅದರ ಮೇಲೆ ಪ್ಲಾಸ್ಟರ್ ಹಿಡಿಯಬೇಕಾದರೆ ಮತ್ತೆ ಕಚ್ಚು ಹೊಡೆಸಬೇಕು. ನುಣ್ಣಗೆ ಮಾಡಿಸಲು ದುಡ್ಡು ಕೊಟ್ಟು, ಆಮೇಲೆ ಒರಟು ಮಾಡಿಸಲು ಕೂಲಿ ಕೊಡೋದು ಯಾವ ನ್ಯಾಯ?

ಆದರೆ ಪ್ಲಾಸ್ಟರ್ ಬೇಡ ಅಂದಮೇಲೆ ಶೀಟು ಹೇಗಿದ್ದರೂ ನಡೆಯುತ್ತೆ ಅನ್ನುವ ಹಾಗಿಲ್ಲ. ಲಾರಿ ಬಂದ ದಿನ ಅಂಗಡಿ ಮುಚ್ಚಿ ಅಲ್ಲೇ ನಿಂತೆ. ಮೂರಡಿ ಎರಡಡಿಯ ಶೀಟುಗಳು. ನೆಗ್ಗಿದ್ದನ್ನು, ಹಳೆ ಕಾಂಕ್ರೀಟ್ ಅಂಟಿದ್ದನ್ನು ಬೇರೆ ಹಾಕಿಸಿದೆ. ಸೆಂಟ್ರಿಂಗ್‌ನವನಿಗೆ ನನ್ನ ಮೇಲೆ ಸಿಟ್ಟು. "ಅಕ್ಕಾ, ಸೀರೆ ಆರಿಸ್ದಂಗೆ ಆರಿಸ್ತೀರಲ್ಲ!" ಸಂದಿಗೆಲ್ಲ ಟೇಪು ಅಂಟಿಸಿದರು. ಶೀಟಿಗೆ ಬಳಿಯಲು ಅವರು ತಂದಿದ್ದು ಗ್ಯಾರೇಜಿನ ಕರಿ ಎಣ್ಣೆ. ಅದರ ಕಲೆ ಸೂರಿಗೆ ಇಳಿಯುತ್ತೆ, ಆಮೇಲೆ ಪುಟ್ಟಿಯೂ ಸರಿಯಾಗಿ ಹಿಡಿಯಲ್ಲ. ಅಚ್ಚಿಗೆಂದೇ ಬರುವ ಎಣ್ಣೆ ನಾನೇ ತರಿಸಿದೆ. ಕಂಬಿ ಇಡುವ ಮೊದಲೇ ಬಳಿಸಿದೆ. ಕಂಬಿಗೆ ಎಣ್ಣೆ ತಾಗಿದರೆ ಕಾಂಕ್ರೀಟ್ ಅದನ್ನು ಬಿಗಿಯಾಗಿ ಹಿಡಿಯುವುದಿಲ್ಲ.

ರೇಟಿನಲ್ಲಿ ಒಂದು ಷರತ್ತಿತ್ತು. ಶೀಟು ಹಾಸಿದ ದಿನದಿಂದ 20 ದಿನ. ಆಮೇಲೆ ದಿನಬಾಡಿಗೆ ಬೇರೆ. 20 ದಿನ ಬೇಕಾದಷ್ಟಾಯಿತು ಅಂದುಕೊಂಡಿದ್ದೆ. ಕಂಬಿ ಕಟ್ಟುವುದು ಮುಗಿಯಿತು, ಪೈಪ್ ಹಾಕಬೇಕಾದ ಎಲೆಕ್ಟ್ರಿಷಿಯನ್ ಗಣೇಶನ ಹಬ್ಬಕ್ಕೆ ಊರಿಗೆ ಹೋದವನು ಮೂರು ದಿನ ಪತ್ತೆಯಿಲ್ಲ. ಶೀಟು, ಅದನ್ನು ಕೆಳಗಿನಿಂದ ಹೊರುವ ಜಾಕಿ ಕಂಬಗಳು ಎಲ್ಲ ಸುಮ್ನೆ ನಿಂತಿದ್ದವು. 20 ದಿನದ ಲೆಕ್ಕ ಮಾತ್ರ ಓಡುತ್ತಿತ್ತು. ಇತ್ತ ಅಮ್ಮ, ಪಿತೃಪಕ್ಷ ಶುರುವಾಗುವ ಮೊದಲೇ ಮೋಲ್ಡ್ ಆಗಲೇಬೇಕು ಅಂತ ದಿನಾ ಕ್ಯಾಲೆಂಡರ್ ಮುಂದೆ ನಿಲ್ಲುತ್ತಿದ್ದಳು.

ಕೊನೆಗೆ ಹತ್ತನೇ ದಿನಕ್ಕೆ ಮೋಲ್ಡ್ ನಿಗದಿಯಾಯಿತು. ಹಿಂದಿನ ರಾತ್ರಿ ಒಳ್ಳೇ ಮಳೆ.

ಬೆಳಗ್ಗೆ ಆರಕ್ಕೇ ಹೋದೆ. ಹಾಲ್‌ನೊಳಗೆ ನೆಲಕ್ಕೆ ಇನ್ನೂ ಕಾಂಕ್ರೀಟ್ ಬಿದ್ದಿರಲಿಲ್ಲ, ಬರೀ ತುಂಬಿದ ಮಣ್ಣು. ಜಾಕಿಗಳನ್ನು ಆ ಮಣ್ಣಿನ ಮೇಲೇ ನಿಲ್ಲಿಸಿದ್ದರು. ನೀರು ಒಳಗೆ ಹರಿದು ಬಂದಿತ್ತು. ಮೂಲೆಯ ಎರಡು ಜಾಕಿಗಳ ಪಾದ ಮಣ್ಣಿನಲ್ಲಿ ಹೂತುಹೋಗಿತ್ತು. ಮೇಲೆ ಶೀಟಿಗೂ ಅವುಗಳ ತಲೆಗೂ ಬೆರಳು ತೂರುವಷ್ಟು ಸಂದು. ಅಂದರೆ ಆ ಜಾಕಿ ಏನನ್ನೂ ಹೊತ್ತಿರಲಿಲ್ಲ, ಸುಮ್ನೆ ನಿಂತಿತ್ತು.

ಮೇಸ್ತ್ರಿ ಒಂದು ಕಲ್ಲು ಕೊಟ್ಟು ಗುದ್ದಿ ಬಿಗಿ ಮಾಡಲು ಹೊರಟ. "ಏನೂ ಆಗಲ್ಲ ಅಕ್ಕಾ, ಇಷ್ಟು ವರ್ಷದಿಂದ ಹಿಂಗೇ ಮಾಡ್ತಿದೀವಿ."

ನಾನು ತಮ್ಮನಿಗೆ ಫೋಟೋ ಕಳಿಸಿದೆ. ತಕ್ಷಣ ಫೋನ್ ಬಂತು. ಅವನ ದನಿಯಲ್ಲಿ ನಗು ಇರಲಿಲ್ಲ. 5 ಇಂಚಿನ ಮೋಲ್ಡ್ ಅಂದರೆ ಚದರಡಿಗೆ ಸುಮಾರು 29 ಕೆಜಿ. ನಮ್ಮ ಇಡೀ ಮೋಲ್ಡ್ 29 ಟನ್. ಅದರ ಮೇಲೆ ಓಡಾಡುವ ಜನ, ವೈಬ್ರೇಟರ್. ಕಾಂಕ್ರೀಟ್ ಗಟ್ಟಿಯಾಗುವ ತನಕ ಅಷ್ಟನ್ನೂ ಹೊರುವುದು ಆ ಜಾಕಿಗಳೇ. ಒಂದು ಜಾರಿದರೆ ಅದರ ಪಾಲು ಪಕ್ಕದವಕ್ಕೆ ಬೀಳುತ್ತೆ, ಅವೂ ಹಸಿ ಮಣ್ಣಿನ ಮೇಲೇ ಇವೆ. "ಎಲ್ಲಾ ಜಾಕಿ ಕೆಳಗೂ ದಪ್ಪ ಹಲಗೆ ಕೊಡಿಸು. ಒಂದಕ್ಕಲ್ಲ, ಎಲ್ಲಕ್ಕೂ. ಅಲ್ಲೀವರೆಗೂ ಮಿಕ್ಸರ್ ಶುರು ಮಾಡಿಸ್ಬೇಡ."

ಗ್ಯಾಂಗಿನವರು ಆಗಲೇ ಬಂದು ಕೂತಿದ್ದರು. ಪೂಜೆಗೆ ಕಾಯಿ ಇಟ್ಟಾಗಿತ್ತು. ಹಲಗೆ ಎಲ್ಲಿಂದ ತರೋದು? ಆಗ ನೆನಪಾಯಿತು, ಮೊದಲ ಚೀಟಿಯವನು. ಫೋನ್ ಮಾಡಿದರೆ ಅವನಿಗೂ ಖುಷಿ. ಒಂದು ಟೆಂಪೋ ಹಲಗೆ ಬಾಡಿಗೆಗೆ ಕಳಿಸಿಕೊಟ್ಟ. ಬೇಡ ಅಂದಿದ್ದ ಹಲಗೆ ಕೊನೆಗೆ ಮನೆಯೊಳಗೆ ಬಂದೇ ಬಂತು, ಮೇಲಿನ ಬದಲು ಕೆಳಗೆ. ಮೇಸ್ತ್ರಿ ಗೊಣಗುತ್ತಲೇ ಒಂದೊಂದಾಗಿ ಜಾಕಿ ಸಡಿಲಿಸಿ, ಹಲಗೆ ಇಟ್ಟು, ತಿರುಪು ಬಿಗಿ ಮಾಡಿ, ದಾರ ಕಟ್ಟಿ ಮಟ್ಟ ನೋಡಿದ. ಮಿಕ್ಸರ್ ಶುರುವಾದಾಗ ಒಂಬತ್ತೂವರೆ. ಮುಗಿದಾಗ ಸಂಜೆ ಆರಾಗಿತ್ತು. ಎಲ್ಲರಿಗೂ ಊಟ ಬಡಿಸಿದ್ದು ಅಮ್ಮ. ನಾನು ಹಾಲ್‌ನೊಳಗೆ ಜಾಕಿಗಳ ನಡುವೆ ಟಾರ್ಚ್ ಹಿಡಿದು ತಿರುಗುತ್ತಿದ್ದೆ.

ಮೋಲ್ಡ್ ಆದ ಎಂಟನೇ ದಿನ ಸೆಂಟ್ರಿಂಗ್‌ನವನು ಬಿಚ್ಚಲು ಬಂದ. ಅವನಿಗೆ ಬೇರೆ ಮನೆ ಬುಕ್ ಆಗಿತ್ತು. ಇಲ್ಲಿ ನನ್ನ ತಮ್ಮ ಹೇಳಿದ ಲೆಕ್ಕ ಇದು: ಕಾಂಕ್ರೀಟ್ ಕೆಲಸಕ್ಕಿರುವ ಐಎಸ್ 456 ಅನ್ನುವ ಭಾರತೀಯ ಕೋಡ್ ಪ್ರಕಾರ, ಸಾಮಾನ್ಯ ಓಪಿಸಿ ಸಿಮೆಂಟ್ ಆದರೆ 4.5 ಮೀಟರ್ ತನಕದ ಸೂರಿನ ಜಾಕಿ 7 ದಿನ ಇರಬೇಕು, ಅದಕ್ಕಿಂತ ಅಗಲ ಇದ್ದರೆ 14 ದಿನ. ನಾವು ಹಾಕಿದ್ದು ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟ್. ಅದು ಗಟ್ಟಿಯಾಗೋದು ನಿಧಾನ, ಇನ್ನೊಂದಿಷ್ಟು ದಿನ ಬಿಡಬೇಕು. ರೂಮು 11 ಅಡಿ, ಹಾಲ್ 16 ಅಡಿ. 4.5 ಮೀಟರ್ ಅಂದರೆ 15 ಅಡಿಗೂ ಸ್ವಲ್ಪ ಕಡಿಮೆ. ಹಾಗಾಗಿ ರೂಮುಗಳದ್ದು 10 ದಿನಕ್ಕೆ ಬಿಚ್ಚೋದು, ಹಾಲ್‌ನದ್ದು 18 ದಿನಕ್ಕೆ ಅಂತ ಒಪ್ಪಿಸಿದೆ. ರೂಮಿನ ಶೀಟುಗಳು ಹೋದರೆ ಅವನ ಮುಂದಿನ ಮನೆಯೂ ಶುರುವಾಗುತ್ತೆ, ನನಗೂ ಹಾಲ್‌ನಷ್ಟಕ್ಕೇ ಬಾಡಿಗೆ. 8 ದಿನದ ಬಾಡಿಗೆ ಹೆಚ್ಚಿಗೆ ಕೊಟ್ಟೆ. ಆ ಎಂಟರಲ್ಲಿ ಮೂರು ದಿನ ಎಲೆಕ್ಟ್ರಿಷಿಯನ್ ಪಾಲು. ಅವನಿಗೆ ಹೇಳಿದರೆ ನಕ್ಕ. ಪೈಪ್ ಹಾಕುವವನನ್ನು ಮೊದಲು ಗೊತ್ತು ಮಾಡಿಕೊಂಡು ಆಮೇಲೆ ಶೀಟು ಇಳಿಸಿಕೊಳ್ಳಬೇಕಿತ್ತು, ಆ ತಪ್ಪು ನನ್ನದೇ.

ಹಾಲ್ ಬಿಚ್ಚುವ ದಿನ ನಡುವಿನ ಜಾಕಿಯಿಂದ ಶುರು ಮಾಡಿ ಗೋಡೆ ಕಡೆಗೆ ಬಂದರು. ಮನೆ ಮುಂದೆ ಚಾಚಿದ ಸಜ್ಜಾದಲ್ಲಿ ಹಾಗಲ್ಲ, ತುದಿಯಿಂದ ಗೋಡೆ ಕಡೆಗೆ. ಶೀಟುಗಳು ಒಂದೊಂದೇ ಢಣಾರನೆ ಬಿದ್ದವು. ಧೂಳು ಇಳಿದ ಮೇಲೆ ಅಮ್ಮ ಒಳಗೆ ಬಂದು ತಲೆಯೆತ್ತಿದಳು. ಬೂದು ಬಣ್ಣದ ನುಣುಪಾದ ಸೂರು, ಅದರಲ್ಲಿ ಮೂರಡಿ ಎರಡಡಿಯ ಗೆರೆಗಳು.

"ಚೌಕಳಿ ಸೀರೆ ಹಂಗಿದೆ ಕಣೇ" ಅಂದಳು. ಆಮೇಲೆ ಮೂಲೆಗೆ ಬೆರಳು ತೋರಿಸಿದಳು. "ಅದೇನದು ಅಲ್ಲಿ, ಕೆನ್ನೆ ಊದಿದಂಗೆ?"

ನೆಗ್ಗಿದ ಶೀಟು. ಒಂದು ನನ್ನ ಕಣ್ಣು ತಪ್ಪಿಸಿ ಮೇಲೆ ಹೋಗಿತ್ತು. ಪುಟ್ಟಿಯಲ್ಲಿ ಹೋಗುತ್ತೆ ಅಂದ ಮೇಸ್ತ್ರಿ. ಹೋಗಿಲ್ಲ.