ನೇತ್ರಾಣಿಗೆ ಹಕ್ಕಿ ನೋಡಲು ಹೋಗುವವರಿಗೆ

ನೇತ್ರಾಣಿ ಅಂದ ಕೂಡಲೇ ಜನ ಸ್ಕೂಬಾ ಡೈವಿಂಗ್ ಕೇಳುತ್ತಾರೆ. ನಾನು ಶಿರಸಿಯಿಂದ ಎರಡು ಸಲ ಅಲ್ಲಿಗೆ ಹೋಗಿದ್ದು ನೀರೊಳಗೆ ಮುಳುಗಲಿಕ್ಕಲ್ಲ, ತಲೆ ಎತ್ತಿ ನೋಡಲಿಕ್ಕೆ. ಮುರ್ಡೇಶ್ವರದಿಂದ ಕಡಲಲ್ಲಿ ಸುಮಾರು 19 ಕಿ.ಮೀ. ದೂರದ ಈ ಜನವಸತಿ ಇಲ್ಲದ ಕಲ್ಲುಗುಡ್ಡದ ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದು ಮರಿ ಮಾಡುತ್ತದೆ. ಬ್ರಿಟಿಷರು ಇದನ್ನು ಪಿಜನ್ ಐಲ್ಯಾಂಡ್ ಅಂತ ಕರೆದದ್ದು ಇಲ್ಲಿನ ಪಾರಿವಾಳಗಳಿಂದ.

ಮೊದಲ ಸಲದ ಪ್ರವಾಸ ಕೆಟ್ಟಿತು. ದೋಣಿ ಹೊರಟಾಗಲೇ ಹತ್ತೂವರೆ. ಹಿಂದೆ ಕೂತ ಗುಂಪು ಸ್ಪೀಕರ್ ಹಾಕಿತ್ತು. ಗುಡ್ಡ ತಲುಪುವ ಹೊತ್ತಿಗೆ ಗಾಳಿ ಎದ್ದು ಅರ್ಧ ಜನಕ್ಕೆ ವಾಂತಿ. ಫೋಟೊ ಬೇಕು ಅಂತ ಯಾರೋ ಹೇಳಿದ್ದಕ್ಕೆ ದೋಣಿಯನ್ನು ಬಂಡೆಯ ಹತ್ತಿರಕ್ಕೇ ಒಯ್ದರು. ಗೂಡಿನಲ್ಲಿ ಕೂತಿದ್ದ ಹದ್ದು ಎದ್ದುಬಿಟ್ಟಿತು. ನಾವು ಅಲ್ಲಿಂದ ಸರಿಯುವವರೆಗೂ ಕೂಗುತ್ತಾ ಮೇಲೆ ಸುತ್ತುತ್ತಲೇ ಇತ್ತು. ಅಷ್ಟು ಹೊತ್ತೂ ಗೂಡು ಸುಡುಬಿಸಿಲಿನಲ್ಲಿ ಖಾಲಿ. ಒಳಗೆ ಮೊಟ್ಟೆ ಇತ್ತೋ ಮರಿ ಇತ್ತೋ, ಅದನ್ನು ನೆನೆದರೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ.

ಎರಡನೇ ಸಲ ಜನವರಿಯಲ್ಲಿ ಅಕ್ಕನ ಮಗನನ್ನೂ ಕರೆದುಕೊಂಡು ಹೋದೆ. ಹಿಂದಿನ ಸಂಜೆಯೇ ದೇವಿಮನೆ ಘಟ್ಟ ಇಳಿದು ಕುಮಟಾ, ಹೊನ್ನಾವರ ದಾಟಿ ಮುರ್ಡೇಶ್ವರದಲ್ಲಿ ಉಳಿದೆವು. ರೈಲಿನಲ್ಲಿ ಬರುವವರಿಗೆ ಕೊಂಕಣ ರೈಲ್ವೆಯ ನಿಲ್ದಾಣ ಊರಲ್ಲೇ ಇದೆ. ಬೆಳಿಗ್ಗೆ ಬಂದು ಅದೇ ದಿನ ದೋಣಿ ಹಿಡಿಯುತ್ತೇನೆ ಅನ್ನುವ ಲೆಕ್ಕ ಮಾತ್ರ ಬೇಡ. ನಮ್ಮ ದೋಣಿ ನಡೆಸುವ ತಾಂಡೇಲರು ಫೋನಿನಲ್ಲೇ ಹೇಳಿದ್ದರು: "ಬೇಗ ಬನ್ನಿ ಮಾರಾಯ್ರೆ, ಹೊತ್ತು ಏರಿದ ಮೇಲೆ ಗಾಳಿ ಏಳ್ತದೆ." ಏಳು ಗಂಟೆಗೆ ಹೊರಟೆವು. ಕಡಲು ಹಾಸಿದ ಚಾಪೆಯ ಹಾಗೆ ಇತ್ತು. ಒಂದೂವರೆ ಗಂಟೆ ಹಿಡಿಯಿತು.

ಹೋಗುವ ಮೊದಲು ಎರಡು ಇಡ್ಲಿ ತಿನ್ನಿ, ಅಷ್ಟೇ ಸಾಕು. ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ. ವಾಂತಿ ಮಾತ್ರೆಯನ್ನು ದೋಣಿ ಹತ್ತುವುದಕ್ಕೆ ಒಂದು ತಾಸು ಮೊದಲೇ ನುಂಗಿ, ತಲೆ ಸುತ್ತಲು ಶುರುವಾದ ಮೇಲೆ ನುಂಗಿದರೆ ಅಷ್ಟಾಗಿ ಪ್ರಯೋಜನವಿಲ್ಲ. ದೋಣಿಯ ಮೂತಿಯಲ್ಲಿ ಕೂರಬೇಡಿ, ನಡುವಿನಿಂದ ಹಿಂದಕ್ಕೆ ಕೂತರೆ ಎತ್ತಿಹಾಕುವುದು ಕಡಿಮೆ. ಲೈಫ್ ಜಾಕೆಟ್ ಸೆಕೆ ಅಂತ ಬಿಚ್ಚಬೇಡಿ. ದುರ್ಬೀನು 8 ಪಟ್ಟಿನದೇ ಸಾಕು. ನನ್ನ ಹತ್ತಿರ ಇದ್ದದ್ದು 10 ಪಟ್ಟಿನದು, ತೆರೆಗೆ ಅದು ಎಷ್ಟು ಅಲುಗಿತು ಅಂದರೆ ಕೊನೆಗೆ ಹುಡುಗನ ಚಿಕ್ಕ ದುರ್ಬೀನನ್ನೇ ಇಸಿದುಕೊಂಡೆ.

ಗುರುತು ಹಿಡಿಯುವುದು ಸುಲಭ. ಮುರ್ಡೇಶ್ವರದ ದಡದಲ್ಲಿ ಸುತ್ತುವ ಗರುಡನಿಗೂ ತಲೆ ಬಿಳಿ, ಆದರೆ ಮೈ ಇಟ್ಟಿಗೆ ಬಣ್ಣ. ಕಡಲ ಹದ್ದು ಅದಕ್ಕಿಂತ ಬಹಳ ದೊಡ್ಡದು, ರೆಕ್ಕೆ ಬಿಚ್ಚಿದರೆ ಹೆಚ್ಚುಕಡಿಮೆ 2 ಮೀಟರ್. ತಲೆ, ಎದೆ, ಹೊಟ್ಟೆ ಎಲ್ಲ ಬಿಳಿ, ಬೆನ್ನು ಬೂದಿ. ತೇಲುವಾಗ ರೆಕ್ಕೆ ಎರಡನ್ನೂ ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಮರಿಗಳು ಕಂದು, ಅವುಗಳಲ್ಲಿ ಬಿಳಿ ಹುಡುಕಬೇಡಿ.

ನಾವು ದೂರದಲ್ಲೇ ಎಂಜಿನ್ ನಿಲ್ಲಿಸಿ ಕಾದೆವು. ಇಪ್ಪತ್ತು ನಿಮಿಷ ಏನೂ ಇಲ್ಲ. ಆಮೇಲೆ ಬಾತುಕೋಳಿ ಕೂಗಿದ ಹಾಗೆ ಗಟ್ಟಿಯಾದ ದನಿ. ಕಡಲ ಕಡೆಯಿಂದ ಒಂದು ಹದ್ದು ಬಂತು, ಕಾಲಲ್ಲಿ ಉದ್ದಕ್ಕೆ ಏನೋ ತೂಗುತ್ತಿತ್ತು. "ಹಾವು!" ಅಂದ ಹುಡುಗ. ಹೌದು, ಕಡಲ ಹಾವೇ. ಹದ್ದು ಮರದ ತುದಿಯ ಗೂಡಿಗೆ ಇಳಿಯಿತು. ಕಟ್ಟಿಗೆ ಹೊರೆಯಷ್ಟು ದೊಡ್ಡ ಗೂಡು. ವರ್ಷವರ್ಷವೂ ಅದಕ್ಕೇ ಹೊಸ ಕಡ್ಡಿ ಸೇರಿಸುತ್ತವೆ. ಕಡ್ಡಿಗಳ ಅಂಚಿನಲ್ಲಿ ಒಂದು ಕಂದು ತಲೆ ಎದ್ದಿತು. ಹಾವಿನ ತುಂಡು ಬಾಯಿಗೆ ಬಂದಾಗ ಆ ತಲೆ ನಡುಗಿದ್ದು ಕೂಡ ಕಾಣುತ್ತಿತ್ತು. ಹುಡುಗ ಉಸಿರು ಬಿಗಿ ಹಿಡಿದು ಕೂತಿದ್ದ. ಎಷ್ಟು ಹೊತ್ತು ನೋಡಿದೆವೋ ಗೊತ್ತಿಲ್ಲ. ದೋಣಿ ದೂರ ಇತ್ತಲ್ವಾ, ಹದ್ದು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ.

ಇಲ್ಲಿ ಇನ್ನೊಂದು ಹಕ್ಕಿಯೂ ಇದೆ, ಸ್ವಿಫ್ಟ್‌ಲೆಟ್. ಅಂಬರಗುಬ್ಬಿಯಂತೆ ಕಾಣುವ ಕಂದು ಬಣ್ಣದ ಚಿಕ್ಕ ಹಕ್ಕಿ. ಗುಹೆಯ ಕತ್ತಲಲ್ಲಿ ತನ್ನ ಜೊಲ್ಲಿನಿಂದಲೇ ಗೂಡು ಅಂಟಿಸುತ್ತದೆ. 19ನೇ ಶತಮಾನದಲ್ಲೇ ಪಕ್ಷಿತಜ್ಞ ಜರ್ಡನ್ ಇಲ್ಲಿನ ಗುಹೆಯಲ್ಲಿ ಈ ಗೂಡುಗಳನ್ನು ನೋಡಿದ್ದರು. ಸೂಪ್ ಮಾಡುವ ಆಸೆಗೆ ಈ ಗೂಡನ್ನು ಕೀಳುವವರಿದ್ದಾರೆ. ಗುಹೆಯೊಳಗೆ ದೋಣಿ ನುಗ್ಗಿಸಿ ಅಂತ ಯಾರಿಗೂ ದುಡ್ಡು ಕೊಡಬೇಡಿ.

ದ್ವೀಪದ ಮೇಲೆ ಇಳಿಯುವ ಆಸೆಯನ್ನೂ ಬಿಡಿ. ಬಂಡೆ ಕಡಿದಾಗಿದೆ, ಜಾರುತ್ತದೆ. ನೌಕಾಪಡೆ ಹಿಂದೆ ಇದನ್ನು ಗುರಿ ಅಭ್ಯಾಸಕ್ಕೆ ಬಳಸುತ್ತಿತ್ತು, ಹಳೆಯ ಶೆಲ್ಲುಗಳ ಅಪಾಯವೂ ಇದೆ. ಹರಕೆಗೆ ಬಿಟ್ಟ ಆಡುಗಳು ಮೇಲೆ ಓಡಾಡುವುದು ದೋಣಿಯಿಂದಲೇ ಕಾಣಬಹುದು.

ಮಳೆಗಾಲದಲ್ಲಿ ದೋಣಿ ಇಲ್ಲ. ಅಕ್ಟೋಬರ್‌ನಿಂದ ಮೇ ತನಕ ಸಿಗುತ್ತದೆ, ಹದ್ದಿಗೆ ಡಿಸೆಂಬರ್, ಜನವರಿ ಒಳ್ಳೆಯದು. ಹೆಚ್ಚಿನವು ಡೈವಿಂಗ್ ದೋಣಿಗಳೇ, ಮುಳುಗದೆ ಕೂರುವವರಿಗೆ ಸೀಟು ಕೊಡುತ್ತೀರಾ ಅಂತ ಮೊದಲೇ ಕೇಳಿ. ನಾಲ್ಕೈದು ಜನ ಸೇರಿ ಬೇರೆಯೇ ದೋಣಿ ಮಾಡಿಕೊಂಡರೆ ಇನ್ನೂ ಒಳ್ಳೆಯದು, ಎಂಜಿನ್ ನಿಲ್ಲಿಸಿ ಅಂತ ಧೈರ್ಯವಾಗಿ ಹೇಳಬಹುದು. ಹೊರಡುವ ಮೊದಲೇ ತಾಂಡೇಲರ ಹತ್ತಿರ ಮಾತಾಡಿಕೊಳ್ಳಿ: ಗೂಡಿನ ಮರದಿಂದ ದೂರ ನಿಲ್ಲಬೇಕು, ಹದ್ದು ಎದ್ದರೆ ಆ ಕ್ಷಣವೇ ದೋಣಿ ತಿರುಗಿಸಬೇಕು.